ಎಂಟು ಸಾವಿರದ ಹದಿನೇಳನೇ ಕಿಟಕಿ

ಮೂರು ವರ್ಷ ನನ್ನ ಲೈಬ್ರರಿ ಬರೀ ಗಿರಾಕಿ.
ಹೋಗುತ್ತಿತ್ತು, ಕದ ತಟ್ಟುತ್ತಿತ್ತು,
ಕೊಟ್ಟಿದ್ದು ಇಸಕೊಂಡು ಬರುತ್ತಿತ್ತು.
ತನಗೂ ಒಂದು ಕದ ಇರಬಹುದೆಂದು
ಅದರ ಯಾವ ಸಾಲಿನಲ್ಲೂ ನಾನು ಬರೆದಿರಲಿಲ್ಲ.

ಹದಡಿ ರಸ್ತೆಯ ವೇಬ್ರಿಡ್ಜಿನಲ್ಲಿ ನನಗೆ ರಾತ್ರಿ ಪಾಳಿ.
ಮೆಕ್ಕೆಜೋಳದ ಲಾರಿ ಹತ್ತುತ್ತದೆ, ಕಬ್ಬಿಣ ನರಳುತ್ತದೆ,
ಕೆಂಪು ಅಂಕಿ ಕುಣಿದು ಕುಣಿದು ಒಂದು ಕಡೆ ನಿಲ್ಲುತ್ತದೆ.
ಆ ಅಂಕಿಯನ್ನು ಹೊತ್ತು ಗೋಡೌನಿಗೆ ಮುಟ್ಟಿಸಲೆಂದೇ
ಅದನ್ನು ಕಟ್ಟಿದ್ದು.

ಮಾಲೀಕ ವಾಗೀಶಪ್ಪ ಮೊನ್ನೆ ಚೀಟಿ ಹರಿಯುತ್ತ ಅಂದ:
"ಯಾವಾಗ್ಲೂ ನಾವೇ ಹೋಗಿ ಹೇಳ್ಬೇಕೇನು?
ಬೇಕಾದೋರು ಬಂದು ಕೇಳ್ಲಿ. ನಿನ್ನ ಡಬ್ಬಿ ಉತ್ತರ ಕೊಡ್ಲಿ."

ಸುಲಭ ಅಂದುಕೊಂಡೆ.
ಹೋಗುವುದನ್ನು ತಿರುಗಿಸಿದರೆ ಬರುವುದು,
ಅಂಗಿಯ ಒಳಮಗ್ಗಲು ಹೊರಗೆ ಮಾಡಿದಂತೆ.
ತಿರುಗಿಸಿದ ಮೇಲೆ ಕಂಡಿತು ಹೊಲಿಗೆ:
ಎಲ್ಲ ಫಂಕ್ಷನ್ನಿನ ಮೊದಲ ಮಾತೂ "ನಾನು".
ನಾನು ಯಾರನ್ನು ಕರೆಯಬೇಕು, ಎಷ್ಟು ಸಲ ಕರೆಯಬೇಕು,
ಸಿಗದಿದ್ದರೆ ಎಷ್ಟು ಹೊತ್ತು ಬಿಟ್ಟು ಮತ್ತೆ...
"ಯಾರು?" ಅನ್ನುವ ಪ್ರಶ್ನೆ ಎಲ್ಲೂ ಇಲ್ಲ.

ಕಿಟಕಿಗೊಂದು ನಂಬರು ಬೇಕಿತ್ತು.
ಲಾರಿಗಳ ಹಣೆ ನೋಡಿ ಹದಿನೇಳು ಎತ್ತಿಕೊಂಡೆ,
ಅದರ ಮುಂದೆ ಎಂಟು ಸಾವಿರ.

ಮೊದಲ ಪರೀಕ್ಷೆ ಒಂದೇ ಕಂಪ್ಯೂಟರಿನಲ್ಲಿ:
ಹೋಗುವುದೂ ಅದೇ, ಕೂತಿರುವುದೂ ಅದೇ.
ಕದ ತೆರೆಯಿತು. ಆಮೇಲೆ ಏನೂ ಇಲ್ಲ.
ಬಂದದ್ದು ಕಾಯುತ್ತಿದೆ, ಮನೆಯವರು ಮಾತಾಡಿಸಲಿ ಎಂದು.
ಮನೆಯದು ಕಾಯುತ್ತಿದೆ, ಬಂದವರು ಬಾಯಿಬಿಡಲಿ ಎಂದು.
ಹೆಣ್ಣು ನೋಡಲು ಬಂದ ಮೊದಲ ಸಲದ ಬೀಗರಂತೆ
ಎರಡೂ ಚಾಪೆಯ ಅಂಚು ನೋಡುತ್ತ ಕೂತವು
ಒಂದು ಗಂಟೆ ಹತ್ತು ನಿಮಿಷ.
ನಾನೂ ಕೂತಿದ್ದೆ.

ಕೊಂದು ಮತ್ತೆ ಎಬ್ಬಿಸಿದರೆ ಇನ್ನೊಂದು:
ಈ ವಿಳಾಸದಲ್ಲಿ ಈಗಾಗಲೇ ಯಾರೋ ಇದ್ದಾರೆ.
ಯಾರೂ ಇಲ್ಲೋ ತಮ್ಮಾ, ಈಗ ತಾನೇ ಸತ್ತದ್ದು ನೀನೇ.
ತೀರಿಹೋದವರ ಹೆಸರಿಗೆ ಇನ್ನೂ ಕರೆಂಟು ಬಿಲ್ಲು ಬರುತ್ತದಲ್ಲ, ಹಾಗೆ
ನಂಬಲು ಒಂದು ನಿಮಿಷ ಬೇಕಂತೆ ಕಿಟಕಿಗೆ.

ಮೂರಕ್ಕೆ ರೆಹಮತ್‌ಬಿ ಶಟರ್ ಎತ್ತಿದಳು.
ಸ್ಟೋವಿನ ಮುಂದೆ ಒಬ್ಬಳೇ, ಎದುರಿಗೆ ಏಳು ಡ್ರೈವರು.
ಒಬ್ಬನಿಗೆ ಚಹಾ ಸೋಸುತ್ತ, ಇನ್ನೊಬ್ಬನ ಚಿಲ್ಲರೆ ಎಣಿಸುತ್ತ,
ಹಿಂದಿನಿಂದ ಕೂಗಿದವನಿಗೆ ತಲೆ ಎತ್ತದೆ ಅಂದಳು:
"ನಿಂದೂ ಕೇಳ್ಸೇತಿ, ನಿಲ್ಲು."
ಅವನು ನಿಂತ.
ಈ ಮೂರು ಪದಕ್ಕೆ ನಾನು ನಾಲ್ಕು ದಿನ ಹೆಣಗಿದ್ದೆ.

ಅರ್ಧ ಗ್ಲಾಸು ಅಲ್ಲೇ ಬಿಟ್ಟು ಬಂದು ಬರೆದೆ,
ಸಾಲಿನಲ್ಲಿ ನಿಂತವರನ್ನು ಬೀಳಿಸದ ಒಂದು ಸಾಲು.
ಮೊದಲ ಮಾತು ಬಂದವರ ಪಾಲಿಗೆ, ಅದೂ ಬರೆದೆ.

ನಾಲ್ಕೂವರೆಗೆ ಹರಿಹರದ ಗೋಡೌನಿನಿಂದ ಯಾರೋ ತಟ್ಟಿದರು.
ಲಾರಿ ನಂಬರು ಕೊಟ್ಟರು, ತೂಕ ಎಷ್ಟು ಎಂದರು.
ಇಪ್ಪತ್ತೊಂದು ಸಾವಿರದ ನಾನೂರ ಅರವತ್ತು ಕೆಜಿ
ಎಂದಿತು ಕಿಟಕಿ,
ನನ್ನನ್ನು ಕೇಳದೆ.

ಅದರ ಹಿಂದೆಯೇ ಇನ್ನೊಂದು. ತಟ್ಟಿತು, ಒಳಗೆ ಬಂತು,
ಏನೂ ಹೇಳದೆ ನಿಂತಿತು.
ಇಂಥವರಿಗೆ ಮೂವತ್ತು ಸೆಕೆಂಡು ಎಂದು ಬರೆದಿದ್ದೆ, ಆಮೇಲೆ ಕದ.
ಇಪ್ಪತ್ತಾರು. ಇಪ್ಪತ್ತೇಳು.
ಹೊರಗೆ ತೊದಲುವ ಕ್ಲೀನರ್ ಹುಡುಗ
"ಬ... ಬ..." ಅನ್ನುತ್ತಿದ್ದ. ಬನ್ನೋ, ಬಟರೋ.
ರೆಹಮತ್‌ಬಿ ಎರಡೂ ಡಬ್ಬಿಯ ಮುಚ್ಚಳ ತೆಗೆದು
ಒಂದೊಂದು ಕೈಯಲ್ಲಿ ಹಿಡಿದು ನಿಂತಿದ್ದಳು,
ಸ್ಟೋವಿನ ಮೇಲೆ ಹಾಲು ಉಕ್ಕುತ್ತಿದ್ದರೂ.

ಮೂವತ್ತನ್ನು ಅರವತ್ತು ಮಾಡಿದೆ.